ವಾಪಸ್ ದಾರಿ ಬರೆಯಬೇಡ

ನದಿ ಕ್ಯಾಂಪು
ಮಾರ್ಚ್ ೮

ಪುಟ್ಟೀ,

ನಿನ್ನ ಪೆನ್ನಿಗೆ ಬೆಂಕಿ ಹಾಕಬೇಕು. ಊರಲ್ಲಿ ಫ್ಯಾನಿನ ಕೆಳಗೆ ಕೂತು, ಮನೆಗಾಡಿ ಬಾಡಿಗೆಗೆ ತೆಗೆದುಕೊಂಡವರಿಗೆಲ್ಲ ಈ ರಾಷ್ಟ್ರೀಯ ಉದ್ಯಾನ ಸುತ್ತುವ ದಾರಿ ಬರೆದು ಕೊಡುತ್ತೀಯಲ್ಲ, ಆ ಹಾಳೆಯಲ್ಲಿ ನನ್ನ ಕ್ಯಾಂಪಿನ ಬಗ್ಗೆ ಏನು ಬರೆದಿದ್ದೀ? 'ನದಿಗೆ ಅಂಟಿಕೊಂಡ ಮೂಲೆಯ ಜಾಗವನ್ನೇ ಕೇಳಿ ಪಡೆಯಿರಿ, ಕಿಟಕಿ ತೆರೆದರೆ ನೀರು.' ಒಬ್ಬರಿಗೆ ಬರೆದರೆ ಸರಿ. ಬಂದವರಿಗೆಲ್ಲ ಅದನ್ನೇ ಬರೆದರೆ?

ಮೊನ್ನೆ ಎರಡು ಗಾಡಿಗಳು ಒಟ್ಟಿಗೇ ಬಂದು ಆ ಒಂದು ಜಾಗಕ್ಕೆ ಮೂತಿ ತೂರಿಸಿ ನಿಂತವು. ಇಬ್ಬರ ಕೈಯಲ್ಲೂ ನಿನ್ನ ಹಾಳೆ. ಮೊದಲು ಮಾತು ಬೆಳೆಯಿತು, ಆಮೇಲೆ ಬೈಗುಳದಲ್ಲಿ ಅಮ್ಮ ಅಕ್ಕ ಎಲ್ಲ ಬಂದರು, ಆಮೇಲೆ ಒಬ್ಬನ ಬೆನ್ನ ಮೇಲೆ ಮಡಚುವ ಕುರ್ಚಿ ಮುರಿಯಿತು. ಇನ್ನೊಬ್ಬನ ಹೆಂಡತಿ ಒಳಗಿನಿಂದ ಬಾಣಲೆ ತಂದು ಗಂಡನ ಕೈಗೆ ಕೊಟ್ಟಳು. ಹುಬ್ಬು ಸೀಳಿ ರಕ್ತ ಇಳಿಯುತ್ತಿದ್ದರೂ ಪುಣ್ಯಾತ್ಮರು ಜಾಗ ಮಾತ್ರ ಬಿಡಲಿಲ್ಲ. ನಾನು ಹೋಗಿ ಬಿಡಿಸಿದೆ. ಬರೀ ಬಾಯಿಮಾತಿನಲ್ಲಿ ಬಿಡಿಸಿದೆ, ಅನುಮಾನಪಡಬೇಡ.

ಅದನ್ನು ಹೇಳಲಿಕ್ಕೇ ಈ ಕಾಗದ. ನಿನ್ನ ಅತ್ತಿಗೆಯ ಭುಜದ ಮೂಳೆ ಮುರಿದ ದಿನ ನೀನು ಅವಳನ್ನೂ ನನ್ನ ಮಗಳು ಬಟಾಣಿಯನ್ನೂ ನಿನ್ನ ಮನೆಗೆ ಕರೆದುಕೊಂಡು ಹೋದೆ, ಯಾರ್ಯಾರನ್ನೋ ಹಿಡಿದು ನನ್ನನ್ನು ಈ ಕ್ಯಾಂಪಿನ ಕಾವಲಿಗೆ ಹಾಕಿಸಿದೆ. ಸರಿಯಾಗಿಯೇ ಮಾಡಿದೆ. ಇಲ್ಲಿ ಫೋನು ಹಿಡಿಯುವುದಿಲ್ಲ, ವಾರಕ್ಕೊಮ್ಮೆ ಟಪಾಲು ವ್ಯಾನು, ಮಿಕ್ಕಂತೆ ನದಿಯ ಸದ್ದು. ಬಂದಾಗಿನಿಂದ ಯಾರ ಮೇಲೂ ಕೈ ಎತ್ತಿಲ್ಲ. ಶಾಲೆಗೆ ರಜೆ ಬಿಟ್ಟಾಗ ಅವರಿಬ್ಬರನ್ನು ಒಂದು ಮನೆಗಾಡಿಯಲ್ಲಿ ಕಳಿಸು. ನಿನ್ನ ಕೈಯಾರೆ ದಾರಿ ಬರೆದು ಕಳಿಸು. ನೀನು ಹೇಳಿದರೆ ಅವಳು ಕೇಳುತ್ತಾಳೆ.

ನಿನ್ನ ಅಣ್ಣ

*

ಮಾರ್ಚ್ ೧೯

ಅಣ್ಣಾ,

ಬಾಣಲೆಯ ಪ್ರಸಂಗ ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಇನ್ನು ಮೇಲೆ ಮೂಲೆಯ ಜಾಗ ಒಬ್ಬರಿಗೇ ಬರೆಯುತ್ತೇನೆ, ಒಪ್ಪಿದೆ.

ನಿನ್ನ ಕಾಗದವನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಒಗೆದ ಬಟ್ಟೆ ಮಡಚುತ್ತಿದ್ದರು, ಮಡಚುತ್ತಲೇ ಇದ್ದರು. ಬಲಗೈ ಈಗಲೂ ತಲೆಯಿಂದ ಮೇಲೆ ಹೋಗುವುದಿಲ್ಲ, ಒಣಹಾಕುವ ಹಗ್ಗವನ್ನು ನಾನೇ ಕೆಳಗೆ ಕಟ್ಟಿಕೊಟ್ಟಿದ್ದೇನೆ. ಕೊನೆಗೆ "ನೀನೇನಂತೀಯಾ?" ಎಂದು ಕೇಳಿದರು. ಒಂದು ವರ್ಷವಾಯಿತು, ನನಗಂತೂ ಅಣ್ಣ ಬೇರೆ ಮನುಷ್ಯ ಆಗಿದ್ದಾನೆ ಅನ್ನಿಸುತ್ತದೆ ಎಂದೆ. ಬಟಾಣಿಗೆ ಮಾತ್ರ ಆಗಲೇ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಗಾಡಿಯೊಳಗೇ ಹಾಸಿಗೆ, ಗಾಡಿಯೊಳಗೇ ಒಲೆ, ಗಾಡಿಯೊಳಗೇ ಕಕ್ಕಸು ಎಂದು ಕೇಳಿ, "ಹಂಗಾದ್ರೆ ಕೆಳಗೇ ಇಳೀಬೇಕಾಗಿಲ್ವಾ ಅತ್ತೆ?" ಎನ್ನುತ್ತದೆ.

ನನ್ನ ಪದ್ಧತಿ ನಿನಗೆ ಗೊತ್ತು. ನಾನು ಯಾರಿಗೂ ಇಡೀ ದಾರಿಯನ್ನು ಒಮ್ಮೆಗೇ ಕೊಡುವುದಿಲ್ಲ. ಕೊಟ್ಟರೆ ಜನ ಒಂದು ಜಾಗದಲ್ಲೂ ನೆಮ್ಮದಿಯಾಗಿ ಕೂರದೆ ಮುಂದಿನದಕ್ಕೆ ಓಡುತ್ತಾರೆ, ನಡುವೆ ಗುಡ್ಡ ಕುಸಿದರೆ ದಿಕ್ಕು ತಪ್ಪುತ್ತಾರೆ. ಒಂದೊಂದು ಕ್ಯಾಂಪಿನ ಆಫೀಸು ಕಿಟಕಿಯಲ್ಲಿ ಅದರ ಮುಂದಿನ ದಾರಿಯ ಹಾಳೆ ಕಾದಿರುತ್ತದೆ. ಅತ್ತಿಗೆಗೂ ಹಾಗೆಯೇ ಮಾಡುತ್ತೇನೆ.

ಆದರೆ ಒಂದು ಮಾತು. ಕೈ ಎತ್ತಿಲ್ಲ ಎಂದು ಬರೆದಿದ್ದೀಯಲ್ಲ, ಅದು ನಿಜ ತಾನೇ?

ಪುಟ್ಟಿ

*

ಏಪ್ರಿಲ್ ೨

ಪುಟ್ಟೀ,

ನಿನ್ನ ಪ್ರಶ್ನೆಗೆ ಸಿಟ್ಟು ಬಂತು. ಆಮೇಲೆ ಇಳಿಯಿತು. ಇಳಿಯಿತು ಎನ್ನುವುದೇ ಉತ್ತರ ಅಂದುಕೋ.

ಸಿಟ್ಟು ಬಂದಾಗಲೆಲ್ಲ ಹೋಗಿ ಸೌದೆ ಸೀಳುತ್ತೇನೆ. ಆಫೀಸಿನ ಹಿಂದೆ ಗೋಡೆಯ ಎತ್ತರಕ್ಕೆ ಸೌದೆ ಬಿದ್ದಿದೆ, ಬಂದವರು ಇಷ್ಟು ಚಳಿ ಎಲ್ಲಿದೆ ಎಂದು ಕೇಳುತ್ತಾರೆ. ಈ ಕಾಗದದ ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಕೊಡಲಿ ಜಾರಿ ಬಲಗೈ ಗೆಣ್ಣುಗಳು ಸುಲಿದಿವೆ, ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ. ನಿಮ್ಮ ಗಿರಾಕಿಗಳಿಗೆ ಸ್ವಲ್ಪ ನಯ ಕಲಿಸು. ಗೆರೆಯ ಮೇಲೆ ಚಕ್ರ ಹತ್ತಿಸಿ ನಿಲ್ಲಿಸಿದ ಒಬ್ಬನಿಗೆ ಸರಿಯಾಗಿ ನಿಲ್ಲಿಸು ಎಂದರೆ ಗಂಡ ಹೆಂಡತಿ ಇಬ್ಬರೂ ಹಲ್ಲು ಕಿರಿದರು. ಬೆಳಗ್ಗೆ ನೋಡಿದರೆ ಹೇಳದೆ ಕೇಳದೆ ಜಾಗ ಖಾಲಿ ಮಾಡಿದ್ದರು.

ಮೂಲೆಯ ಜಾಗವನ್ನು ಅವರಿಗೆಂದೇ ಇಟ್ಟಿದ್ದೇನೆ. ಹುಲ್ಲು ಕತ್ತರಿಸಿದೆ, ಕರೆಂಟಿನ ಪೆಟ್ಟಿಗೆ ಬದಲಾಯಿಸಿದೆ. ಬಟಾಣಿಗೆ ಒಂದು ಉಯ್ಯಾಲೆ ಕಟ್ಟಿದೆ.

ಇನ್ನೊಂದು. ನನ್ನ ಕ್ಯಾಂಪಿನ ತನಕ ಮಾತ್ರ ದಾರಿ ಬರೆ. ವಾಪಸ್ ದಾರಿ ಬರೆಯಬೇಡ.

ಅಣ್ಣ

*

ಏಪ್ರಿಲ್ ೧೪

ಅಣ್ಣಾ,

ವಾಪಸ್ ದಾರಿ ಬರೆಯಬೇಡ ಎಂಬ ಸಾಲು ಓದಿ ಕಣ್ಣು ತುಂಬಿ ಬಂತು. ನೀವು ಮೂವರೂ ಅಲ್ಲೇ ನೆಲೆ ನಿಲ್ಲುವುದಾದರೆ ನನಗಿಂತ ಸಂತೋಷಪಡುವವರು ಯಾರಿದ್ದಾರೆ? ಬರೆದಿಲ್ಲ, ನೀನು ಹೇಳಿದ ಹಾಗೆಯೇ.

ನಿನಗೆ ಮಾತ್ರ ಪೂರ್ತಿ ಹೇಳುತ್ತೇನೆ, ಎದುರು ನೋಡುವುದಕ್ಕೆ ಒಂದು ಲೆಕ್ಕವಿರಲಿ. ೨೫ಕ್ಕೆ ಇಲ್ಲಿಂದ ಹೊರಟು ಬಯಲು ಕ್ಯಾಂಪು. ಅಲ್ಲಿ ಜಿಂಕೆಗಳು ಸಂಜೆ ಗಾಡಿಯ ಮೆಟ್ಟಿಲ ತನಕ ಬರುತ್ತವೆ. ಮರುದಿನ ಕೆರೆ ಕ್ಯಾಂಪು, ಅಲ್ಲಿ ಎರಡು ರಾತ್ರಿ, ಬಟಾಣಿಗೆ ದೋಣಿ. ಕೆರೆಯಿಂದ ದೊಡ್ಡ ಕಾಡಿನ ರಸ್ತೆ ಹಿಡಿದರೆ ಮಧ್ಯಾಹ್ನದ ಊಟಕ್ಕೆ ನಿನ್ನ ನದಿ. ನಮ್ಮ ಗಾಡಿ ಡಿಪೋದ ಡ್ರೈವರುಗಳು ಸುಮ್ಮನೆ ತಲೆ ತಿನ್ನುತ್ತಾರೆ, ಊರಿಗೆ ಮರಳಲು ಕೆರೆಯಿಂದ ಕಲ್ಲುಕ್ವಾರಿ ರಸ್ತೆ ಎಷ್ಟೋ ಹತ್ತಿರವಂತೆ, ಒಂದೇ ಉಸಿರಿಗೆ ಉದ್ಯಾನದಿಂದ ಆಚೆ ಹೋಗಬಹುದಂತೆ. ಧೂಳು, ಲಾರಿ, ಬೋಳು ಗುಡ್ಡ! ಈ ಕುರ್ಚಿಯಲ್ಲಿ ನಾನಿರುವ ತನಕ ಆ ರಸ್ತೆ ನನ್ನ ಹಾಳೆಗೆ ಬರುವುದಿಲ್ಲ.

ಅತ್ತಿಗೆ ಡಿಪೋದ ಅಂಗಳದಲ್ಲಿ ದೊಡ್ಡ ಗಾಡಿ ಓಡಿಸುವುದನ್ನು ಕಲಿತರು. ಭುಜ ನೋಯುತ್ತದೆ, ಆದರೂ ಬಿಡಲಿಲ್ಲ. ಕನ್ನಡಿ ನೋಡಿಕೊಂಡು ಹಿಂದಕ್ಕೆ ತೆಗೆಯುವುದರಲ್ಲಿ ನಮ್ಮ ಡ್ರೈವರುಗಳೇ ಬೆರಗಾದರು. ಎರಡು ಡ್ರಮ್ಮುಗಳ ನಡುವೆ ಒಂದು ಗೀರೂ ಬೀಳದ ಹಾಗೆ ತಂದು ನಿಲ್ಲಿಸಿದರು. ಕೆಳಗಿಳಿದು, "ನೀನು ಬರೆದ ದಾರಿ ಅಂತ ಹೋಗ್ತಿದೀನಿ, ಅವರು ಕರೆದ್ರು ಅಂತಲ್ಲ" ಎಂದರು. ನಕ್ಕುಕೊಂಡೇ ಹೇಳಿದರು, ನೀನು ತಪ್ಪು ತಿಳಿಯಬೇಡ.

ಪುಟ್ಟಿ

*

ಏಪ್ರಿಲ್ ೨೭

ಅಣ್ಣಾ,

ಆತುರದಲ್ಲಿ ಬರೆಯುತ್ತಿದ್ದೇನೆ. ಅತ್ತಿಗೆಯ ಗಾಡಿಯ ಗೇರ್ ಬಾಕ್ಸ್ ಕೆಟ್ಟಿತು. ಅವರು ಊರಿಗೆ ವಾಪಸ್ ಬರುತ್ತಿದ್ದಾರೆ. ನೀನು ನಾಳೆ ಕಾಯಬೇಡ. ಮುಂದಿನ ರಜೆಯಲ್ಲಿ ನೋಡೋಣ. ಆ ಕಡೆ ಬರುತ್ತಿದ್ದ ನಮ್ಮ ರಿಪೇರಿ ವ್ಯಾನಿನವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರಾಮ.

ಪುಟ್ಟಿ

*

ಏಪ್ರಿಲ್ ೨೮, ಬೆಳಗ್ಗೆ

ಸುಳ್ಳಿಯೇ,

ನಿನ್ನ ರಿಪೇರಿಯವನು ಚೀಟಿ ಕೊಟ್ಟ. ಯಾವ ಗಾಡಿಯ ಗೇರ್ ಬಾಕ್ಸ್ ಬಿಚ್ಚಿದೆಯಪ್ಪಾ ಎಂದು ಕೇಳಿದೆ, ಬಹಳ ಪ್ರೀತಿಯಿಂದಲೇ ಕೇಳಿದೆ. ಮುಖ ಬಿಳಿಚಿಕೊಂಡ. ಅವನ ಕೈಯನ್ನು ಅವನದೇ ವ್ಯಾನಿನ ಬಾಗಿಲ ಸಂದಿಗೆ ಇಟ್ಟು, ಬಾಗಿಲು ಹಾಕಿ, ಇನ್ನೊಂದು ಸಲ ಕೇಳಿದೆ. ಆಗ ಬಾಯಿ ಬಿಟ್ಟ. ಗಾಡಿ ಗಟ್ಟಿಮುಟ್ಟಾಗಿದೆ, ಕೆರೆ ಕ್ಯಾಂಪಿನಲ್ಲಿ ನಿನ್ನ ಹೊಸ ಹಾಳೆ ಕೊಟ್ಟು ಬಂದಿದ್ದಾನೆ, ಅದನ್ನು ಓದಿ ಅವಳು ಆ ಕ್ಷಣವೇ ಎದ್ದು ಹೊರಟಳು. ಹಾಳೆಯಲ್ಲಿ ಏನಿತ್ತು ಅವನಿಗೆ ಗೊತ್ತಿಲ್ಲ. ಎರಡನೆಯ ಸಲ ಬಾಗಿಲು ಹಾಕಿದಾಗಲೂ ಗೊತ್ತಿಲ್ಲ ಎಂದ, ಹಾಗಾಗಿ ನಂಬಿದೆ.

ನನಗೇನು ಆ ಹಾಳೆ ಬೇಕೇ? ಬಂದ ಬಯಲಿನ ರಸ್ತೆ ಒಮ್ಮುಖ, ಅದು ಬಿಟ್ಟರೆ ಕೆರೆಯಿಂದ ಊರ ಕಡೆಗೆ ಇರುವುದು ಎರಡೇ ರಸ್ತೆ. ಒಂದು ಕ್ವಾರಿ, ಇನ್ನೊಂದು ಜಲಪಾತದ ಕ್ಯಾಂಪಿನ ಮೇಲೆ ಸುತ್ತಿಕೊಂಡು ಹೋಗುವುದು. ಕ್ವಾರಿ ಹಿಡಿದಿದ್ದರೆ ನಿನ್ನೆ ಸಂಜೆಯೇ ನನ್ನ ಕೈ ತಪ್ಪಿಹೋಗುತ್ತಿದ್ದಳು. ಆದರೆ ನೀನು ಬರೆಯಬೇಕಲ್ಲ! ಸತ್ತರೂ ನಿನ್ನ ಕೈ ಆ ರಸ್ತೆ ಬರೆಯುವುದಿಲ್ಲ. ಮಗು ಇರುವ ಗಾಡಿ, ಮಗುವಿಗೆ ನೀರು ಕಾಣಬೇಕು, ಬಂಡೆಯ ನೆರಳು ಬೇಕು, ಒಂದು ದಿನ ಪೂರ್ತಿ ಅಲ್ಲೇ ಸುಧಾರಿಸಿಕೊಳ್ಳಬೇಕು. ಇವತ್ತು ಅವರು ಜಲಪಾತದ ಬುಡದಲ್ಲಿದ್ದಾರೆ. ನನ್ನ ಪಿಕಪ್ಪಿಗೆ ಅದು ಊಟದ ಹೊತ್ತಿನ ದೂರ.

ವರ್ಷವಿಡೀ ನಾಯಿಯ ಹಾಗೆ ಕಾದಿದ್ದೇನೆ. ಗಂಡನ ಮನೆ ಅಂದರೆ ಏನು ಎಂದು ಅವಳಿಗೆ ಇವತ್ತು ಕಲಿಸುತ್ತೇನೆ. ಈ ಕಾಗದವನ್ನು ನಿನ್ನ ರಿಪೇರಿಯವನ ಕೈಯಲ್ಲೇ ಕಳಿಸುತ್ತಿದ್ದೇನೆ, ಇನ್ನೊಂದು ಕೈ ಚೆನ್ನಾಗಿದೆ.

*

ಮೇ ೯

ಅಣ್ಣಾ,

ಈ ಪದವನ್ನು ಹೊಡೆದುಹಾಕಿ ಬೇರೆ ಬರೆಯೋಣವೆಂದರೆ ಬೇರೆ ಪದ ಸಿಗಲಿಲ್ಲ.

ನಿನ್ನ ಕಾಗದ ನನಗೆ ತಲುಪುವ ಮುಂಚೆ ಪೊಲೀಸರ ಫೋನು ತಲುಪಿತು. ರಿಪೇರಿಯವರು ಒಂದೇ ಕೈಯಲ್ಲಿ ವ್ಯಾನು ಓಡಿಸಿಕೊಂಡು ಮುಖ್ಯ ಗೇಟಿಗೆ ಹೋಗಿ ಹೇಳಿದರಂತೆ, ಆದರೆ ಅಷ್ಟು ಹೊತ್ತಿಗೆ ನೀನು ಜಲಪಾತದ ಬಳಿ ಇದ್ದೆ. ಅವರ ಎರಡು ಬೆರಳು ತೆಗೆದಿದ್ದಾರೆ. ಅವರು ದಿನವಿಡೀ ಸ್ಪ್ಯಾನರ್ ಹಿಡಿದು ದುಡಿಯುವ ಮನುಷ್ಯ. ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಬಂದೆ, ಒಳಗೆ ಹೋಗುವ ಮುಖವಿರಲಿಲ್ಲ.

ಸುಳ್ಳು ಬರೆದದ್ದು ಯಾಕೆ ಎಂದು ಈಗ ಹೇಳುತ್ತೇನೆ. ಏಪ್ರಿಲ್ ೨೭ರ ಬೆಳಗ್ಗೆ ಒಬ್ಬ ಗಿರಾಕಿ ಆಸ್ಪತ್ರೆಯಿಂದ ಬಿಡುಗಡೆಯಾಗಿ ನೆಟ್ಟಗೆ ಆಫೀಸಿಗೆ ಬಂದ. ದವಡೆಗೆ ತಂತಿ ಕಟ್ಟಿದ್ದರು, ಹೀರುಗೊಳವೆಯಲ್ಲಿ ನೀರು ಕುಡಿಯುತ್ತಿದ್ದ. ಮಾತನ್ನೆಲ್ಲ ಅವನ ಹೆಂಡತಿಯೇ ಆಡಿದಳು. ನದಿ ಕ್ಯಾಂಪಿನಲ್ಲಿ ಚಕ್ರ ಗೆರೆ ದಾಟಿತ್ತಂತೆ. ಕಾವಲಿನವನು ಬೈದ ರೀತಿಗೆ ನಗು ಬಂತಂತೆ, ನಕ್ಕಳಂತೆ. "ನಕ್ಕಿದ್ದು ನಾನು, ಹೊಡೆದಿದ್ದು ಇವರನ್ನ. ಬಿದ್ದ ಮೇಲೂ ಬಿಡ್ಲಿಲ್ಲ, ಕೈ ನೋವಾಗೋವರೆಗೂ ಗುದ್ದಿದ್ರು. ಆಮೇಲೆ ನನ್ನ ಕಡೆ ತಿರುಗಿ, ಈಗ ನಗು ನೋಡೋಣ ಅಂದ್ರು" ಎಂದಳು. ಸುಲಿದ ಗೆಣ್ಣುಗಳು, ಸೊಟ್ಟ ಅಕ್ಷರ. ಆ ಕಾಗದವನ್ನು ನಾನು ಅತ್ತಿಗೆಗೆ ಓದಿ ಹೇಳಿ, ಪಾಪ, ಸೌದೆ ಸೀಳುತ್ತಾನೆ ಎಂದಿದ್ದೆ.

ವೈರ್‌ಲೆಸ್ಸಿನಲ್ಲಿ ಹೇಳಿಸಿದರೆ ಎಲ್ಲ ಕ್ಯಾಂಪುಗಳಿಗೂ ಕೇಳುತ್ತದೆ, ನಿನಗೂ ಕೇಳುತ್ತದೆ ಎಂದು ಹೊಸ ಹಾಳೆ ಬರೆದು ರಿಪೇರಿಯವರ ಕೈಯಲ್ಲಿ ಕೊಟ್ಟೆ. ಆ ಗಾಬರಿಯಲ್ಲೂ 'ಜಲಪಾತದ ರಸ್ತೆ ಹಿಡಿಯಿರಿ, ಬಂಡೆಯ ನೆರಳಿನಲ್ಲಿ ನಿಲ್ಲಿಸಿ, ಮರುದಿನ ಸುಧಾರಿಸಿಕೊಳ್ಳಿ' ಎಂದೇ ಬರೆದೆ. ಕ್ವಾರಿ ರಸ್ತೆ ನನಗೆ ಹೊಳೆಯಲೇ ಇಲ್ಲ. ನಿನಗೆ ಹೆದರಿ ಓಡುತ್ತಿರುವವರಿಗೆ ನಾನು ನೋಟ ಚೆನ್ನಾಗಿರುವ ಜಾಗ ಹುಡುಕಿದೆ. ಇದನ್ನು ನೆನೆಸಿಕೊಂಡರೆ ನನ್ನ ಬೆರಳುಗಳನ್ನೇ ಯಾವುದಾದರೂ ಬಾಗಿಲಿಗೆ ಕೊಡಬೇಕು ಅನ್ನಿಸುತ್ತದೆ.

ಅಲ್ಲಿ ನಡೆದದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ನಿನ್ನ ಬಾಯಲ್ಲಿ ಅದು ಬರೀ ಮಾತು ಎಂದಾಗುವ ಮುಂಚೆ ಒಬ್ಬರಾದರೂ ನೆಟ್ಟಗೆ ಬರೆಯಬೇಕು. ಅತ್ತಿಗೆ ಗಾಡಿಯ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದರು. ನೀನು ಸೌದೆ ಸೀಳುವ ಸುತ್ತಿಗೆ ತಂದಿದ್ದೆ. ಮೊದಲು ಕಿಟಕಿಗಳನ್ನು ಒಡೆದೆ, ಒಂದೊಂದಾಗಿ, ಸುತ್ತ ನಡೆದುಕೊಂಡು. ಒಳಗೆ ಬಟಾಣಿ ಇತ್ತು. ಅತ್ತಿಗೆಯ ಜಡೆ ಹಿಡಿದು ಮೆಟ್ಟಿಲ ಅಂಚಿಗೆ ಮುಖ ಅಪ್ಪಳಿಸಿದೆ. ಅವರು ಬಿದ್ದ ಮೇಲೆ ಅದೇ ಹಳೆಯ ಭುಜದ ಮೇಲೆ ಕಾಲಿಟ್ಟೆ. ಅದೇ ಭುಜ ಎಂದು ನಿನಗೆ ಗೊತ್ತಿತ್ತು. ಪಕ್ಕದ ಗಾಡಿಯ ಮುದುಕರು ಬಿಡಿಸಲು ಬಂದಾಗ ಅವರ ಪಕ್ಕೆಲುಬು ಮುರಿದೆ. ಅಷ್ಟರಲ್ಲಿ ಅತ್ತಿಗೆ ತೆವಳಿಕೊಂಡು ಡ್ರೈವರ್ ಸೀಟಿಗೆ ಹತ್ತಿದರು, ಗಾಡಿ ಹೊರಟಿತು, ನೀನು ಬಾಗಿಲಿಗೆ ಜೋತುಬಿದ್ದೆ, ಆಮೇಲೆ ಚಕ್ರದ ಕೆಳಗೆ ಬಿದ್ದೆ.

ಅತ್ತಿಗೆಯ ಎಡಗಣ್ಣು ಉಳಿಯಲಿಲ್ಲ. ಬಟಾಣಿಯ ತಲೆಯಿಂದ ಗಾಜಿನ ಚೂರು ತೆಗೆದರು, ಅದು ಅಳಲಿಲ್ಲ, ಅವತ್ತಿನಿಂದ ಮಾತೂ ಆಡಿಲ್ಲ. ನಿನ್ನನ್ನು ಕಂಡರೆ ನನಗೆ ಅಸಹ್ಯ. ಭಯಕ್ಕಿಂತ ಅದೇ ಜಾಸ್ತಿ.

*

ಆಸ್ಪತ್ರೆ
ಜೂನ್ ೧೧

ಪುಟ್ಟೀ,

ಬೈದುಕೋ, ಬೈದುಕೋ. ನಾನು ಬೇಡ ಅನ್ನುವುದಿಲ್ಲ. ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು. ಬಾಗಿಲಲ್ಲಿ ಪೊಲೀಸಿನವನು ಕುರ್ಚಿ ಹಾಕಿಕೊಂಡು ತೂಕಡಿಸುತ್ತಾನೆ, ನಾನು ಎಲ್ಲಿಗೋ ಓಡಿಹೋಗುವವನ ಹಾಗೆ. ನಗು ಬರುತ್ತದೆ.

ನೀನು ಎಲ್ಲ ಬರೆದೆ, ಒಂದನ್ನು ಬಿಟ್ಟೆ. ನಾನು ಬಿದ್ದಾಗ ಗಾಡಿ ನನ್ನ ಮೇಲೆ ಹತ್ತಿರಲಿಲ್ಲ. ಮುಂದಕ್ಕೆ ಹೋಗಿ ನಿಂತಿತು. ನಾನು ಕೈ ಊರಿ ಏಳುತ್ತಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಆಮೇಲೆ ಗಾಡಿ ಹಿಂದಕ್ಕೆ ಬಂತು. ಎರಡು ಡ್ರಮ್ಮುಗಳ ನಡುವೆ ಗೀರು ಬೀಳದ ಹಾಗೆ ತರುವವಳಿಗೆ ಗಂಡನ ಕಾಲು ಕಾಣಲಿಲ್ಲವೇ? ನೀನೇ ಬರೆದದ್ದು, ಪುಟ್ಟೀ. ಆ ಕಾಗದ ಕ್ಯಾಂಪಿನ ಜೊತೆ ಸುಟ್ಟುಹೋಯಿತು. ಹೊರಡುವಾಗ ಒಲೆ ಆರಿಸಿರಲಿಲ್ಲ, ಆ ಸೌದೆಯೆಲ್ಲ ಹತ್ತಿಕೊಂಡಿತಂತೆ. ಹಾಗಾಗಿ ನಿನ್ನ ಬಾಯಿ ಮಾತೇ ನನಗೆ ಗತಿ. ಪೊಲೀಸರು ನಿನ್ನನ್ನು ಕೇಳಿಯೇ ಕೇಳುತ್ತಾರೆ, ಗಾಡಿಗಳ ವಿಷಯ ನಿನಗೆ ಗೊತ್ತು ಎಂದು. ಅವಳು ಎಷ್ಟು ಚೆನ್ನಾಗಿ ಓಡಿಸುತ್ತಾಳೆ ಎಂದು ಹೇಳು, ಅಷ್ಟು ಸಾಕು. ಅಪ್ಪ ಬೆಲ್ಟು ತೆಗೆದಾಗಲೆಲ್ಲ ನಿನ್ನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಏಟು ತಿಂದವನು ನಾನು. ಅದನ್ನು ಮರೆಯಬೇಡ.

ಅವರು ನಿನ್ನ ಮನೆಯಲ್ಲಿ ಇಲ್ಲವಂತೆ. ಎಲ್ಲಿ ಇಟ್ಟಿದ್ದೀ? ಶಿಕ್ಷೆ ಮುಗಿಸಿ ಬಂದವನು ಮಗಳ ಮುಖ ನೋಡಬಾರದೇ? ಬರುವ ದಾರಿ ಬರೆದು ಕಳಿಸು. ಒಂಟಿಕಾಲಿನವನು ಏನು ಮಾಡಿಯಾನು? ಕೈ ಮಾತ್ರ ಎರಡೂ ಚೆನ್ನಾಗಿವೆ.

ಅಣ್ಣ

*

ಜುಲೈ ೩

ಅಣ್ಣಾ,

ಪೊಲೀಸರು ಕೇಳಿದರು. ಅತ್ತಿಗೆ ಹೊಸಬರು, ದೊಡ್ಡ ಗಾಡಿಯಲ್ಲಿ ಹಿಂದಕ್ಕೆ ತೆಗೆಯುವುದು ಅವರಿಗೆ ಕೊನೆಯ ತನಕವೂ ಬರಲಿಲ್ಲ, ಒಂದು ಕಣ್ಣಿಗೆ ರಕ್ತ ಕಟ್ಟಿದ್ದಾಗ ಮುಂದಿನ ಗೇರು ಅಂದುಕೊಂಡು ಹಿಂದಿನದು ಹಾಕಿದ್ದಾರೆ ಎಂದೆ. ಡಿಪೋ ಡ್ರೈವರುಗಳನ್ನೂ ಕೇಳಿದರು. ಅವರಲ್ಲಿ ಒಬ್ಬರೂ ಬೇರೆ ಮಾತು ಆಡಲಿಲ್ಲ. ಬೆರಳು ಕಳೆದುಕೊಂಡವರು ಅವರ ಜೊತೆಯವರು. ಕನ್ನಡಿಯಲ್ಲಿ ಏನು ಕಂಡಿತು ಎಂದು ನಾನು ಅತ್ತಿಗೆಯನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ಬೆಲ್ಟಿನ ವಿಷಯ ನಾನು ಮರೆತಿಲ್ಲ. ನಿನ್ನ ಬೆನ್ನ ಹಿಂದೆ ನಿಂತು ಪ್ರತಿ ಏಟಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅದಕ್ಕೇ ಇಷ್ಟು ವರ್ಷ ನಿನ್ನ ಪರವಾಗಿ ವಾದಿಸಿದೆ, ಅದಕ್ಕೇ ಅವರನ್ನು ನಿನ್ನ ಕಡೆಗೆ ಕಳಿಸಿದೆ. ನಿನ್ನ ಆ ಋಣಕ್ಕೆ ಅತ್ತಿಗೆಯ ಒಂದು ಕಣ್ಣು ಹೋಯಿತು. ಇನ್ನು ನನ್ನ ಹತ್ತಿರ ಕೊಡಲು ಏನೂ ಇಲ್ಲ, ಬೇರೆಯವರದನ್ನಂತೂ ಕೊಡುವುದಿಲ್ಲ.

ಬಟಾಣಿ ಹೋದ ವಾರ ಮಾತಾಡಿತು. ಇಷ್ಟು ದಿನ ನಾನು ಅವರನ್ನು ಬಚ್ಚಿಟ್ಟಿದ್ದ ಮಹಡಿಯ ಕೋಣೆಯಲ್ಲಿ ಅತ್ತಿಗೆ ಸಾಮಾನು ಕಟ್ಟುತ್ತಿದ್ದರು. ಅದು ನನ್ನ ಹತ್ತಿರ ಬಂದು, "ಅತ್ತೆ, ಈ ಸಲ ನೀನು ದಾರಿ ಬರೀಬೇಡ" ಎಂದಿತು. ಎಷ್ಟೋ ದಿನಗಳ ಮೇಲೆ ಬಂದ ಮೊದಲ ಮಾತು ಅದು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಆಚೆ ಬಂದು, ಬರೆಯುವುದಿಲ್ಲ ಪುಟ್ಟಾ ಎಂದೆ.

ಅತ್ತಿಗೆ ಯಾವ ಊರು ಎಂದು ಹೇಳಲು ಬಾಯಿ ತೆರೆದರು. ನಾನು ಅವರ ಬಾಯಿಗೆ ಕೈ ಅಡ್ಡ ಇಟ್ಟೆ. ಬೇಡ ಅತ್ತಿಗೆ, ಕಾಗದವೂ ಬರೆಯಬೇಡಿ, ಫೋನೂ ಮಾಡಬೇಡಿ, ನಾನು ಹೇಗೆ ಯೋಚನೆ ಮಾಡುತ್ತೇನೆ ಎಂಬುದು ಅವನಿಗೆ ಗೊತ್ತು ಎಂದೆ. ಅವರು ಒಂದೇ ಕಣ್ಣಿನಲ್ಲಿ ನನ್ನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಮಗುವನ್ನು ಕರೆದುಕೊಂಡು ಮೆಟ್ಟಿಲಿಳಿದು ಹೋದರು. ಬೀದಿಯ ತಿರುವಿನಲ್ಲಿ ಎಡಕ್ಕೆ ಹೋದರೋ ಬಲಕ್ಕೆ ಹೋದರೋ ನೋಡಬಾರದೆಂದು ನಾನು ಕಿಟಕಿ ಹಾಕಿಕೊಂಡೆ. ಆ ಮಗು ದೊಡ್ಡದಾಗುವುದನ್ನು ನಾನು ನೋಡುವುದಿಲ್ಲ. ಎದೆ ಉರಿಯುತ್ತದೆ ಅಣ್ಣಾ, ಉರಿಯಲಿ.

ನನ್ನ ಮನೆ ನಿನಗೆ ಗೊತ್ತು, ಬದಲಾಯಿಸುವುದಿಲ್ಲ. ಬಿಡುಗಡೆಯಾದ ದಿನ ನೆಟ್ಟಗೆ ಇಲ್ಲಿಗೇ ಬಾ. ಎರಡೂ ಕೈ ಚೆನ್ನಾಗಿವೆ ಎಂದಿದ್ದೀಯಲ್ಲ, ಸುಸ್ತಾಗುವ ತನಕ ನನ್ನನ್ನು ಹೊಡೆ. ಅವರೆಲ್ಲಿದ್ದಾರೆ ಎಂಬುದು ನನ್ನ ಬಾಯಿಂದ ಬರುವುದಿಲ್ಲ, ನನಗೆ ಗೊತ್ತಿಲ್ಲ.

ಪುಟ್ಟಿ